ಹಳೆ ಕಾರಿನ ಗೇರ್‌ಬಾಕ್ಸನ್ನು ಮನೆಯಲ್ಲೇ ಬದಲಾಯಿಸಬಹುದೇ?

ನಿಮ್ಮ ಕಾರು 14 ವರ್ಷ ಹಳೆಯದು, ಸೆಕೆಂಡ್ ಹ್ಯಾಂಡ್, ಗೇರ್ ಹಾಕುವಾಗ ಕರಕರ ಅನ್ನುತ್ತದೆ. ಬೇರೆ ಕಾರಿನಿಂದ ಬಿಚ್ಚಿಟ್ಟ ಗೇರ್‌ಬಾಕ್ಸ್ ಒಂದು ಸಿಕ್ಕಿದೆ, ಮನೆಯಲ್ಲೇ ಕೂರಿಸಬಹುದಾ ಅಂತ ಕೇಳಿದ್ದೀರಿ. ಕೂರಿಸಬಹುದು. ಮುಂದಿನ ಚಕ್ರ ಎಳೆಯುವ, ಮ್ಯಾನ್ಯುವಲ್ ಗೇರಿನ ಕಾರಿಗೆ ನಾನೂ ನನ್ನ ತಮ್ಮನೂ ಸೇರಿ ಕೂರಿಸಿದ್ದೇವೆ. ಪೂರಾ ಎರಡು ದಿನ ಹಿಡಿಯಿತು. ಆದರೆ ಸ್ಪ್ಯಾನರ್ ಹಿಡಿಯುವ ಮುಂಚೆ, ಹಾಳಾಗಿರುವುದು ನಿಜಕ್ಕೂ ಗೇರ್‌ಬಾಕ್ಸೇನಾ ಅಂತ ನೋಡಿಕೊಳ್ಳಿ.

ಇಂಜಿನ್ ಆಫ್ ಮಾಡಿ, ಒಂದೊಂದೇ ಗೇರ್ ಹಾಕಿ ನೋಡಿ. ಆಗ ಎಲ್ಲವೂ ಸಲೀಸಾಗಿ ಬಿದ್ದು, ಇಂಜಿನ್ ಓಡುವಾಗ ಮಾತ್ರ ಕರಕರ ಅಂದರೆ, ಅದರಲ್ಲೂ ರಿವರ್ಸ್‌ಗೆ ಜಾಸ್ತಿ ಅಂದರೆ, ನನ್ನ ಅನುಮಾನ ಕ್ಲಚ್ ಮೇಲೆ. ಪೆಡಲ್ ಪೂರ್ತಿ ಒತ್ತಿದರೂ ಅದು ಇಂಜಿನ್ನನ್ನು ಗೇರ್‌ಬಾಕ್ಸಿನಿಂದ ಬಿಡಿಸುತ್ತಿಲ್ಲ ಅಂತ ಅರ್ಥ. ಓಡುತ್ತಿರುವಾಗ ಯಾವುದೋ ಒಂದೇ ಗೇರ್ ಕಚ್ಚಿಕೊಂಡು ಸದ್ದು ಮಾಡಿದರೆ ಆ ಗೇರಿನ ಸಿಂಕ್ರೊ ರಿಂಗ್, ಅಂದರೆ ಗೇರ್ ಬೀಳುವ ಮುಂಚೆ ಎರಡೂ ಕಡೆಯ ವೇಗ ಸರಿಹೊಂದಿಸುವ ಬಳೆ, ಸವೆದಿರಬಹುದು. ನ್ಯೂಟ್ರಲ್‌ನಲ್ಲಿ ಬರುವ ಗುಂಯ್ ಸದ್ದು ಪೆಡಲ್ ಒತ್ತಿದ ಕೂಡಲೇ ನಿಂತರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್. ಒತ್ತಿದಾಗಲೇ ಸದ್ದು ಶುರುವಾದರೆ ಕ್ಲಚ್ಚನ್ನು ತಳ್ಳಿ ಬಿಡಿಸುವ ರಿಲೀಸ್ ಬೇರಿಂಗ್. ಗೇರ್ ಆಯಿಲ್ ಮಟ್ಟವನ್ನೂ ನೋಡಿ. ಸುಮ್ನೆ ಆಯಿಲ್ ಕಡಿಮೆಯಾಗಿದ್ದರೂ ಸದ್ದು ಬರುತ್ತದೆ.

ತರುವ ಗೇರ್‌ಬಾಕ್ಸ್ ಮೇಲಿನ ಕೋಡ್ ನಂಬರ್ ನಿಮ್ಮದಕ್ಕೆ ಹೊಂದಬೇಕು. ಹೊರಗಿಂದ ಒಂದೇ ಥರ ಕಂಡರೂ ಒಳಗಿನ ಗೇರ್ ಹಲ್ಲುಗಳ ಅನುಪಾತ ಬೇರೆ ಇರಬಹುದು. ಇಂಜಿನ್ ಕಡೆಗೆ ಚಾಚಿದ ಇನ್‌ಪುಟ್ ಶಾಫ್ಟನ್ನು ಕೈಯಲ್ಲಿ ತಿರುಗಿಸಿ, ಎಲ್ಲ ಗೇರ್ ಹಾಕಿ ನೋಡಿ. ಒಳಗೆ ಉಳಿದ ಆಯಿಲನ್ನು ಬೆರಳಲ್ಲಿ ಉಜ್ಜಿ. ಲೋಹದ ಚೂರು ಚುಚ್ಚಿದರೆ ಆ ಗೇರ್‌ಬಾಕ್ಸ್ ಬೇಡ.

ಕಾರನ್ನು ಬರೀ ಜಾಕ್ ಮೇಲೆ ನಿಲ್ಲಿಸಿ ಕೆಳಗೆ ಹೋಗಲೇಬೇಡಿ. ಗಟ್ಟಿ ನೆಲ, ಜಾಕ್ ಸ್ಟ್ಯಾಂಡ್, ಹಿಂದಿನ ಚಕ್ರಕ್ಕೆ ಅಡ್ಡಗಟ್ಟೆ, ಮೂರೂ ಬೇಕು. ಕೆಳಗೆ ಹೋಗುವ ಮುಂಚೆ ಕಾರನ್ನು ಪಕ್ಕದಿಂದ ಜೋರಾಗಿ ಅಲ್ಲಾಡಿಸಿ ನೋಡಿ. ಸಣ್ಣ ಕಾರಿನ ಗೇರ್‌ಬಾಕ್ಸ್ ಕೂಡ ಸಾಮಾನ್ಯವಾಗಿ 30 ಕೆಜಿ ಆಸುಪಾಸು ಇರುತ್ತದೆ. ಅದನ್ನು ಎದೆ ಮೇಲೆ ಇಳಿಸಿಕೊಳ್ಳುವ ಧೈರ್ಯ ಬೇಡ, ಜಾಕ್ ಮೇಲೆ ಇಳಿಸಿ.

ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಆಮೇಲೆ ಆಯಿಲ್ ಸುರಿಸುವ ಮುಂಚೆ, ಆಯಿಲ್ ತುಂಬುವ ಬೋಲ್ಟ್ ಬಿಚ್ಚಿಕೊಳ್ಳುತ್ತದಾ ನೋಡಿ. ಹೊಸದಾಗಿ ತಂದ ಗೇರ್‌ಬಾಕ್ಸಿನದನ್ನೂ ನೆಲದ ಮೇಲಿರುವಾಗಲೇ ಬಿಚ್ಚಿ ನೋಡಿ. ಕೂರಿಸಿದ ಮೇಲೆ ಅದು ತುಕ್ಕು ಹಿಡಿದು ಅಲ್ಲಾಡದಿದ್ದರೆ ಆಯಿಲ್ ಹಾಕಲು ದಾರಿಯೇ ಇಲ್ಲ.

ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್, ಸ್ಟಾರ್ಟರ್ ಮೋಟಾರ್, ಗೇರ್ ಮತ್ತು ಕ್ಲಚ್ ಕೇಬಲ್ ಬಿಚ್ಚುವುದು ತಾಳ್ಮೆಯ ಕೆಲಸ ಅಷ್ಟೇ. ಸುತ್ತಲಿನ ಬೋಲ್ಟುಗಳ ಉದ್ದ ಮಾತ್ರ ಬೇರೆಬೇರೆ. ಒಂದು ರಟ್ಟಿನ ಮೇಲೆ ಗೇರ್‌ಬಾಕ್ಸಿನ ಚಿತ್ರ ಬರೆದು, ಯಾವ ಬೋಲ್ಟ್ ಎಲ್ಲಿಯದೋ ಅಲ್ಲೇ ಚುಚ್ಚಿಡಿ. ಗೇರ್‌ಬಾಕ್ಸನ್ನು ಕಾರಿಗೆ ಹಿಡಿದಿಡುವ ಮೌಂಟ್ ಬಿಚ್ಚಿದರೆ ಇಂಜಿನ್ ಆ ಕಡೆ ವಾಲುತ್ತದೆ. ಅದಕ್ಕೆ ಮುಂಚೆಯೇ ಇಂಜಿನ್ನಿಗೆ ಮೇಲಿಂದಲೋ ಕೆಳಗಿಂದಲೋ ಆಸರೆ ಕೊಟ್ಟಿರಬೇಕು.

ಗೇರ್‌ಬಾಕ್ಸ್ ಹೊರಗೆ ಬಂದಾಗ ಕ್ಲಚ್ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಹೊಸದು ಹಾಕಿಬಿಡಿ. ಡ್ರೈವ್ ಶಾಫ್ಟ್ ಹೋಗುವ ಕಡೆಯ ಆಯಿಲ್ ಸೀಲುಗಳನ್ನೂ ಅಷ್ಟೇ. ಇಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಸೀಲ್ ಸುತ್ತ ಇಂಜಿನ್ ಆಯಿಲ್ ಒಸರಿದ್ದರೆ ಅದೂ ಈಗಲೇ ಆಗಬೇಕು. ದುಡ್ಡು ಉಳಿಸಲು ಹಳೆಯದನ್ನೇ ಬಿಟ್ಟರೆ ಇದೇ ಎರಡು ದಿನದ ಕೆಲಸ ಮತ್ತೆ ಮಾಡಬೇಕಾಗುತ್ತದೆ, ಅಲ್ವಾ?

ನನಗೆ ಭಯ ಹುಟ್ಟಿಸಿದ್ದು ಕೂರಿಸುವಾಗಿನ ಕೊನೆಯ ಒಂದು ಬೆರಳಿನಷ್ಟು ಸಂದು. ಗೇರ್‌ಬಾಕ್ಸ್ ಅಲ್ಲಿವರೆಗೆ ಹೋಗಿ ನಿಂತುಬಿಟ್ಟಿತು. ಉದ್ದದ ಎರಡು ಬೋಲ್ಟ್ ಹಾಕಿ ಬಿಗಿ ಮಾಡಿದರೆ ತಾನೇ ಎಳೆದುಕೊಳ್ಳುತ್ತದೆ ಅಂದುಕೊಂಡು ಶುರು ಮಾಡಿದೆವು. ಎರಡು ಸುತ್ತು ತಿರುಗಿಸುವಷ್ಟರಲ್ಲಿ ಕಿರ್ ಅಂದಿತು. ತಮ್ಮ ನನ್ನ ಕೈ ಹಿಡಿದು ನಿಲ್ಲಿಸಿದ. ವಾಪಸ್ ತೆಗೆದು ನೋಡಿದರೆ ಕ್ಲಚ್ ಪ್ಲೇಟ್ ನಡುವಿನಿಂದ ತುಸು ಕೆಳಗೆ ಜಾರಿತ್ತು. ಹಾಗೇ ಬಿಗಿ ಮಾಡಿದ್ದರೆ ಗೇರ್‌ಬಾಕ್ಸಿನಲ್ಲಿ ಬೋಲ್ಟ್ ಕೂರುವ ಅಲ್ಯೂಮಿನಿಯಂ ಕಿವಿ ಮುರಿಯುತ್ತಿತ್ತು, ಇಲ್ಲವೇ ಪ್ಲೇಟ್ ಸೊಟ್ಟಗಾಗುತ್ತಿತ್ತು. ಕ್ಲಚ್ ನಡುವಿಗೆ ತರುವ ಅಲೈನ್‌ಮೆಂಟ್ ಟೂಲ್ ಹಾಕಿ ಪ್ರೆಷರ್ ಪ್ಲೇಟ್ ಮತ್ತೆ ಕಟ್ಟಿದೆವು. ಗೇರ್‌ಬಾಕ್ಸನ್ನು ಗೇರಿನಲ್ಲಿಟ್ಟು ಒಳಗೆ ತಳ್ಳುತ್ತಾ, ತಮ್ಮ ಇಂಜಿನ್ನಿನ ಕ್ರ್ಯಾಂಕ್ ಬೋಲ್ಟನ್ನು ಸ್ಪ್ಯಾನರಿನಲ್ಲಿ ಕೂದಲೆಳೆಯಷ್ಟು ತಿರುಗಿಸಿದ. ಶಾಫ್ಟಿನ ಹಲ್ಲು ಕೂಡಿ, ಎರಡೂ ಕೈಯಿಂದ ತಳ್ಳಿದಷ್ಟಕ್ಕೇ ಬಂದು ಕೂತಿತು. ಬೋಲ್ಟ್ ಬಿಗಿ ಮಾಡಬೇಕಾದದ್ದು ಹಾಗೆ ಸಂದಿಲ್ಲದೆ ಕೂತ ಮೇಲೆಯೇ. ಅರ್ಧ ಹೋದ ಗೇರ್‌ಬಾಕ್ಸನ್ನು ಆ ಶಾಫ್ಟಿನ ಮೇಲೆ ನೇತುಬಿಡಲೂ ಬಾರದು.

ಆಯಿಲ್ ವಿಷಯದಲ್ಲಿ ಕಾರಿನ ಕೈಪಿಡಿ ಹೇಳಿದ್ದನ್ನೇ ಹಾಕಿ. ಗೇರ್ ಆಯಿಲ್ ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಅಂತ ದರ್ಜೆ ಬರೆದಿರುತ್ತದೆ. ಜಿಎಲ್-4 ಕೇಳುವ ಹಳೆ ಗೇರ್‌ಬಾಕ್ಸಿಗೆ ಜಿಎಲ್-5 ಹಾಕಿದರೆ ಅದರಲ್ಲಿರುವ ಗಂಧಕದ ಅಂಶ ಹಿತ್ತಾಳೆಯ ಸಿಂಕ್ರೊ ರಿಂಗನ್ನು ತಿನ್ನಬಹುದು.

ನಿಮ್ಮದು ಆಟೊಮ್ಯಾಟಿಕ್ ಆಗಿದ್ದರೆ ಮೊದಲ ಸಲಕ್ಕೆ ಮನೆಯಲ್ಲಿ ಬೇಡ ಅಂತಲೇ ಹೇಳುತ್ತೇನೆ. ಭಾರ ತುಂಬಾ ಜಾಸ್ತಿ. ಅದರಲ್ಲಿ ಕ್ಲಚ್ಚಿನ ಜಾಗದಲ್ಲಿರುವ ಟಾರ್ಕ್ ಕನ್ವರ್ಟರ್ ಪೂರ್ತಿ ಒಳಗೆ ಕೂರದೆ ಬೋಲ್ಟ್ ಬಿಗಿ ಮಾಡಿದರೆ ಒಳಗಿನ ಪಂಪ್ ಒಡೆದುಹೋಗುತ್ತದೆ.

ಇವತ್ತು ಇಂಜಿನ್ ಆಫ್ ಮಾಡಿ ಗೇರ್ ಹಾಕಿ ನೋಡಿ, ಏನಾಯಿತು ಅಂತ ಬರೆಯಿರಿ. ಯಾವ ಗೇರಿಗೆ, ಪೆಡಲ್ ಎಷ್ಟು ಒತ್ತಿದಾಗ ಸದ್ದು ಅನ್ನುವುದನ್ನೂ ತಿಳಿಸಿ. ಬರೀ ಕ್ಲಚ್ ಕೇಬಲ್ ಬಿಗಿ ಮಾಡಿದರೆ ಹೋಗುವ ತೊಂದರೆಯೂ ಇರಬಹುದು.