ದಾವಣಗೆರೆಯ ಸಾವಯವ ಅಂಗಡಿಗೆ ಗಿರಾಕಿ ಕಮ್ಮಿಯಾದರೆ

ಪಕ್ಕದಲ್ಲೇ ಸೂಪರ್‌ಮಾರ್ಕೆಟ್ ಬಂದ ಮೇಲೆ ವ್ಯಾಪಾರ ಅರ್ಧಕ್ಕೆ ಇಳಿಯಿತು ಅಂದಿದ್ದೀರಿ. ಕಾರಣ ಬರೀ ರೇಟ್ ಇರಲಿಕ್ಕಿಲ್ಲ. ಸಕ್ಕರೆ, ಸೋಪು, ಬಿಸ್ಕತ್ತು ಅಂತ ನೀವೂ ಅವರ ಮಾಲನ್ನೇ ಇಟ್ಟಿದ್ದೀರಿ ಅಲ್ವಾ? ಅದರಲ್ಲಿ ಅವರನ್ನು ಸೋಲಿಸೋಕೆ ಆಗಲ್ಲ. ಅವರು ಲಾರಿಗಟ್ಟಲೆ ಕೊಳ್ಳುತ್ತಾರೆ.

ಮೊದಲು ಆ ಮಾಲು ಖಾಲಿ ಮಾಡಿ, ಮತ್ತೆ ತರಿಸಬೇಡಿ. ಆ ಜಾಗದಲ್ಲಿ ನವಣೆ, ಸಾಮೆ ಇಡಿ. ಪಾಲಿಶ್ ಮಾಡದ್ದು. ಇದರ ತೌಡಿನಲ್ಲಿ ಎಣ್ಣೆ ಅಂಶ ಇರುವುದರಿಂದ ಬೇಗ ಕಮಟು ಹಿಡಿಯುತ್ತದೆ. ತಿಂಗಳುಗಟ್ಟಲೆ ಗೋಡೌನ್‌ನಲ್ಲಿ ಇಡುವವರಿಗೆ ಅದು ತಲೆನೋವು, ನಿಮಗೆ ಅದೇ ಅವಕಾಶ. ಹೊಸದುರ್ಗದ ಕಡೆಯಿಂದ 15 ದಿನಕ್ಕಾಗುವಷ್ಟೇ ತನ್ನಿ. ಹೊಟ್ಟು ತೆಗೆಸಿದ ತಾರೀಖನ್ನು ಡಬ್ಬದ ಮೇಲೆ ಚಾಕ್‌ಪೀಸಲ್ಲಿ ಬರೆಯಿರಿ. ನನ್ನ ಅಂಗಡಿಯಲ್ಲಿ ಜನ ಮೊದಲು ನೋಡುವುದೇ ಆ ತಾರೀಖು.

ಆಮೇಲೆ ಗಾಣದೆಣ್ಣೆ. 'ಇಷ್ಟ್ಯಾಕೆ ರೇಟು?' ಅಂತ ಕೇಳೇ ಕೇಳ್ತಾರೆ. ವಾದ ಬೇಡ. ಒಂದು ಲೀಟರಿಗೆ ಸುಮಾರು 2.5 ಕಿಲೋ ಶೇಂಗಾ ಬೀಜ ಬೇಕು. ಅಷ್ಟು ಬೀಜ ತುಂಬಿದ ಚೀಲವನ್ನು ಬಾಟಲಿ ಪಕ್ಕ ಇಡಿ, ಲೆಕ್ಕ ಅವರೇ ಹಾಕ್ತಾರೆ.

'ಸಾವಯವ' ಅಂತ ಚೀಟಿ ಅಂಟಿಸುವ ಮುಂಚೆ ರೈತರಿಂದ ಪಿಜಿಎಸ್-ಇಂಡಿಯಾ ಅಥವಾ ಎನ್‌ಪಿಒಪಿ (ಬೆಳೆ ಸಾವಯವ ಅಂತ ದೃಢೀಕರಿಸುವ ಎರಡು ಸರ್ಕಾರಿ ವ್ಯವಸ್ಥೆಗಳು) ಪ್ರಮಾಣಪತ್ರದ ನಕಲು ಇಸ್ಕೊಳ್ಳಿ. ಇಲ್ಲದಿದ್ದರೆ 'ಹೊಸದುರ್ಗದ ನವಣೆ' ಅಂತಷ್ಟೇ ಬರೆಯಿರಿ, ಸುಮ್ನೆ ಇಲ್ಲದ್ದು ಹೇಳಬೇಡಿ.

ತರಕಾರಿ ನಿಮ್ಮ ಬೀದಿಯಲ್ಲಿ ನಡೆಯುತ್ತೋ ಇಲ್ಲವೋ, ಹೇಳಲಾರೆ. ವಾರಕ್ಕೆ ಒಂದೇ ದಿನ, ವಾಟ್ಸಾಪ್‌ನಲ್ಲಿ ಆರ್ಡರ್ ಬಂದಷ್ಟೇ ತರಿಸಿ ನೋಡಿ. ಕಣ್ಣಂದಾಜಲ್ಲಿ ತಂದು ಎರಡು ಕ್ರೇಟ್ ಸೊಪ್ಪು ದನಕ್ಕೆ ಹಾಕಿದವನು ನಾನು.