ಕಂಡವರು ಬರೆಯಬೇಕು

ಅಂಕೋಲೆಯ ನಿವೃತ್ತ ಶಿಕ್ಷಕಿಯೊಬ್ಬರ ಪತ್ರ: “ಖಾಸಗಿ ಕಂಪನಿಯೊಂದು ಪ್ರಾಯೋಜಿಸುವ ರಾಷ್ಟ್ರಮಟ್ಟದ ಯುವ ಪ್ರಶಸ್ತಿಗೆ ಅರ್ಜಿ ಕರೆದ ಸುದ್ದಿಯನ್ನು ಕಳೆದ ಸಂಚಿಕೆಯಲ್ಲಿ ಹಾಕಿದ್ದೀರಿ. ಫೋಟೋದಲ್ಲಿ ಗೆದ್ದ ಹುಡುಗಿಯ ಮುಖಕ್ಕಿಂತ ಕಂಪನಿಯ ಬ್ಯಾನರೇ ದೊಡ್ಡದು. ಇಂಥವೆಲ್ಲ ಬೆಂಗಳೂರು, ದಿಲ್ಲಿಯ ಮಕ್ಕಳಿಗೆ. ಗಂಗಾವಳಿಯಲ್ಲಿ ದೋಣಿ ಮಗುಚಿದಾಗ ಇಬ್ಬರನ್ನು ದಡಕ್ಕೆ ಎಳೆದು ತಂದ ನಮ್ಮೂರ ಹುಡುಗನಿಗೆ ಯಾರು ಏನು ಕೊಟ್ಟರು?”

ಅಕ್ಕೋರೇ, ಫೋಟೋದ ವಿಷಯದಲ್ಲಿ ತಪ್ಪು ನಮ್ಮದೇ. ಅವರು ಕಳಿಸಿದ್ದನ್ನು ಪುಟ ಮುಗಿಸುವ ಅವಸರದಲ್ಲಿ ಹಾಗೇ ಹಾಕಿಬಿಟ್ಟೆವು. ಆದರೆ ಪ್ರಾಯೋಜಕರ ಹೆಸರು ಕಂಡ ಕೂಡಲೇ ಮೂಗು ಮುರಿಯಲು ನನಗೆ ಮನಸ್ಸಿಲ್ಲ. ನಮ್ಮೂರ ನಾಟಕಗಳಲ್ಲಿ ದೃಶ್ಯದ ನಡುವೆ ಮೈಕಿನಲ್ಲಿ ಬಹುಮಾನ ಕೂಗುತ್ತಾರಲ್ಲ, ಕೊಟ್ಟವನ ಹೆಸರು ಮೂರು ಸಲ, ಪಾತ್ರಧಾರಿಯದು ಒಂದೇ ಸಲ. ನಗು ಬರುತ್ತದೆ, ನಿಜ. ಆದರೂ ಆ ನೂರು ರೂಪಾಯಿ ಹೋಗುವುದು ಪಾತ್ರಧಾರಿಯ ಕಿಸೆಗೇ. ಹಾಗಾಗಿ ನಾನು ನೋಡುವುದು ದುಡ್ಡು ಯಾವ ಕಡೆಗೆ ಹೋಗುತ್ತಿದೆ ಎಂಬುದನ್ನು. “ನಿಮ್ಮ ಮಗು ಆಯ್ಕೆಯಾಗಿದೆ, ನೋಂದಣಿಗೆ ಇಷ್ಟು, ಸ್ಮರಣಿಕೆಗೆ ಇಷ್ಟು ಕಟ್ಟಿ” ಎಂದು ವಾಟ್ಸಾಪಿಗೆ ಬಂದರೆ ಅದು ಶುದ್ಧ ವ್ಯಾಪಾರ. ಅಂಥದ್ದನ್ನು ನಾವು ಹಾಕುವುದಿಲ್ಲ.

ಇನ್ನು ನಿಮ್ಮೂರ ಹುಡುಗನ ವಿಷಯ. ಮಕ್ಕಳ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಹುಟ್ಟಿದ್ದು ಹೇಗೆ ಗೊತ್ತಲ್ಲ? 1957ರ ಅಕ್ಟೋಬರ್ 2, ದಿಲ್ಲಿಯ ರಾಮಲೀಲಾ ಮೈದಾನ. ಗಣ್ಯರು ಕೂತಿದ್ದ ಶಾಮಿಯಾನಕ್ಕೆ ಬೆಂಕಿ ಬಿತ್ತು. 14 ವರ್ಷದ ಸ್ಕೌಟ್ ಹರೀಶ್‌ಚಂದ್ರ ಮೆಹ್ರಾ ಕಂಬ ಹತ್ತಿ, ಉರಿಯುತ್ತಿದ್ದ ಬಟ್ಟೆಯನ್ನು ಚಾಕುವಿನಿಂದ ಕೊಯ್ದು ಬೇರೆ ಮಾಡಿದ. ಆ ಹುಡುಗ ಯಾವ ಅರ್ಜಿಯನ್ನೂ ತುಂಬಲಿಲ್ಲ. ಕೆಳಗೆ ಕೂತು ಕಂಡವರು ಸ್ವತಃ ನೆಹರೂ, ಪ್ರಶಸ್ತಿ ಹುಟ್ಟಿದ್ದು ಅದರಿಂದ! ಗಂಗಾವಳಿಯ ದಡದಲ್ಲಿ ನಿಂತು ನೋಡಿದವರು ಬಲೆ ಸರಿಮಾಡುತ್ತಿದ್ದ ನಾಲ್ಕು ಜನ ಇರಬಹುದು, ಅಷ್ಟೇ.

ಕೆಲವು ವರ್ಷಗಳ ಹಿಂದೆ ಕುಮಟಾ ಕಡೆಯ ಹುಡುಗಿಯೊಬ್ಬಳು ಅಪ್ಪನ ಜೊತೆ ನಮ್ಮ ಕಾರವಾರದ ಕಚೇರಿಗೆ ಬಂದಿದ್ದಳು. ಮಳೆಗಾಲದ ಹಳ್ಳಕ್ಕೆ ಬಿದ್ದ ತಮ್ಮನನ್ನು ಎತ್ತಿದವಳು. ತಂದಿದ್ದ ಪ್ರಶಸ್ತಿಯ ಫಾರ್ಮಿನಲ್ಲಿ ‘ಸಾಧನೆಯ ವಿವರ’ ಎಂದು ಅರ್ಧ ಪುಟ ಖಾಲಿ ಬಿಟ್ಟಿದ್ದರು. ಪೆನ್ನು ಕೊಟ್ಟೆ. ಬಹಳ ಹೊತ್ತು ಯೋಚಿಸಿ, “ತಮ್ಮ ಬಿದ್ದಿದ್ದ. ಹಿಡ್ಕಂಡೆ” ಎಂದು ಬರೆದು ಪೆನ್ನು ವಾಪಸ್ ಕೊಟ್ಟಳು. ಎಷ್ಟು ಆಳ, ಯಾವ ತಾರೀಕು, ಯಾರು ಕಂಡರು ಎಂದು ಕೇಳಿದರೆ ಅಪ್ಪನ ಮುಖ ನೋಡಿದಳು. ಪತ್ರಿಕೆಯ ತುಣುಕಿಲ್ಲ, ಪೊಲೀಸರ ಕಾಗದವಿಲ್ಲ. ಅರ್ಜಿ ಅಲ್ಲಿಗೇ ನಿಂತಿತು. ಪೇಟೆಯ ಮಕ್ಕಳ ಧೈರ್ಯ ಹೆಚ್ಚೇನಲ್ಲ. ಅವರ ಶಾಲೆಗಳಲ್ಲಿ ಫೈಲ್ ಇಡುವವರಿದ್ದಾರೆ, ವ್ಯತ್ಯಾಸ ಅಷ್ಟೇ.

ಪ್ರಾಯೋಜಕರೇ ಬೇಡವೆಂದರೆ ಸರ್ಕಾರದ ಪುರಸ್ಕಾರಗಳೂ ಇವೆ. ಪ್ರಧಾನ ಮಂತ್ರಿ ರಾಷ್ಟ್ರೀಯ ಬಾಲ ಪುರಸ್ಕಾರ 5ರಿಂದ 18 ವರ್ಷದವರಿಗೆ. ಶೌರ್ಯ, ಸಮಾಜಸೇವೆ, ಪರಿಸರ, ಕ್ರೀಡೆ, ಕಲೆ-ಸಂಸ್ಕೃತಿ, ವಿಜ್ಞಾನ-ತಂತ್ರಜ್ಞಾನ ಎಂದು ಆರು ವಿಭಾಗ. ಹೆಸರನ್ನು ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ಸೂಚಿಸಬಹುದು. ನಮ್ಮ ರಾಜ್ಯದಲ್ಲಿ ಶೌರ್ಯಕ್ಕೆಂದೇ ಹುಡುಗರಿಗೆ ಹೊಯ್ಸಳ, ಹುಡುಗಿಯರಿಗೆ ಕೆಳದಿ ಚೆನ್ನಮ್ಮ ಪ್ರಶಸ್ತಿ ಇದೆ.

ದುಡ್ಡು ಕಂಪನಿಯದಿರಲಿ, ಸರ್ಕಾರದ್ದಿರಲಿ, ನನ್ನ ತಕರಾರು ಹಾರ ಹಾಕಿದ ಮರುವರ್ಷದ್ದು. ಎಂಬತ್ತರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ವಿಶೇಷ ಯೋಜನೆಯಡಿ ನಮ್ಮ ಜಿಲ್ಲೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಓಟಕ್ಕೆಂದು ಆರಿಸಿ ಕರೆದೊಯ್ದರು. ಪದಕಗಳೂ ಬಂದವು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಓಡುತ್ತಿದ್ದವರು ಊರಿಗೆ ಮರಳಿದರು. ಆ ಕಂಪನಿಗೂ ಇದನ್ನೇ ಕೇಳಿ ಪತ್ರ ಹಾಕಿದ್ದೇನೆ: ಗೆದ್ದವರ ಮುಂದಿನ ಓದಿಗೆ ಏನು ಕೊಡುತ್ತೀರಿ? ಉತ್ತರ ಬಂದರೆ ಅದನ್ನೂ ಅಚ್ಚು ಹಾಕುತ್ತೇವೆ, ಬ್ಯಾನರ್ ಬಿಟ್ಟು.

ನಿಮ್ಮಿಂದ ಒಂದು ಕೆಲಸವಾಗಬೇಕು. ದೋಣಿ ಮಗುಚಿದ ದಿನ, ಹೊತ್ತು, ಹುಡುಗನ ವಯಸ್ಸು, ದಡದಲ್ಲಿದ್ದವರ ಹೆಸರು, ಆ ಇಬ್ಬರ ಮಾತು, ಇಷ್ಟನ್ನು ಬರೆದು ಕಳಿಸಿ. ನಮ್ಮ ವರದಿಗಾರರು ಬಂದು ವಿಚಾರಿಸಿ ವರದಿ ಮಾಡುತ್ತಾರೆ. ಆ ಪುಟವನ್ನೇ ಅರ್ಜಿಗೆ ಲಗತ್ತಿಸಿ. ಹುಡುಗನಿಗೆ ಹದಿನೆಂಟು ತುಂಬುವ ಮೊದಲು.