‘ಅಭ್ಯಾಸ ಆಗುತ್ತೆ ಬಾ’: ರಾಕ್ ಕನ್ಸರ್ಟ್‌ಗೆ ಹೋಗಲು ಮನಸ್ಸಿಲ್ಲದ ಗೆಳತಿಯ ಪ್ರಕರಣ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.

ಆಕೆಗೆ ಇಪ್ಪತ್ತಾರರ ಆಸುಪಾಸು. ಊಟ, ನಿದ್ದೆ, ಕೆಲಸ ಎಲ್ಲ ಸರಿಯಾಗಿತ್ತು. ನನ್ನ ಬಳಿ ಆಪ್ತಸಲಹೆಗೆ ಬಂದ ಕಾರಣ ಒಂದು ರಾಕ್ ಕನ್ಸರ್ಟ್. ಕಾಲೇಜಿನಿಂದ ಜೊತೆಗಿರುವ ಗೆಳತಿಯರು ಆಕೆಗೂ ಸೇರಿಸಿ ಟಿಕೆಟ್ ತೆಗೆದಿದ್ದರು. ಕೇಳಿದಾಗ ಆಕೆ ಹೂಂ ಅಂದಿದ್ದರು. ಅಂದಿನಿಂದ ಆ ತಾರೀಖು ನೆನಪಾದರೆ ಸಾಕು, ಹೊಟ್ಟೆಯಲ್ಲಿ ಸಂಕಟ.

“ಇದನ್ನ ಇಷ್ಟಪಡೋದು ಹೇಗೆ ಅಂತ ಹೇಳಿಕೊಡಿ ಮೇಡಂ” ಎಂದರು. “ಎಲ್ಲರೂ ಅಷ್ಟು ಖುಷಿಯಾಗಿರ್ತಾರೆ. ನನ್ನಲ್ಲೇ ಏನೋ ಕೊರತೆ ಇರಬೇಕು ಅಲ್ವಾ?”

ಹಿಂದೊಮ್ಮೆ ಹೋಗಿದ್ದಾಗ ಸ್ಪೀಕರ್‌ಗೆ ತೀರ ಹತ್ತಿರ ನಿಂತಿದ್ದರಂತೆ. ಡ್ರಮ್ ಬಿದ್ದಾಗಲೆಲ್ಲ ಎದೆಗೆ ಗುದ್ದಿದಂತೆ ಆಗುತ್ತಿತ್ತು. ಎದೆ ಬಡಿತ ಏರಿತು, ಕೈ ಬೆವರಿತು, ಕಿವಿ ನೋಯತೊಡಗಿತು. ಕೊನೆಗೆ ವಾಶ್‌ರೂಮ್‌ನಲ್ಲಿ ಹೋಗಿ ಕೂತರು. ಮರುದಿನ ಸಂಜೆಯವರೆಗೂ ಕಿವಿಯಲ್ಲಿ ಗುಂಯ್ ಎನ್ನುವುದು ನಿಲ್ಲಲಿಲ್ಲ. ಅದಾದ ಮೇಲಿನ ಕನ್ಸರ್ಟ್‌ಗೆ ಜ್ವರ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡರು. ಸುಳ್ಳು ಗೊತ್ತಾಯಿತು. ಗುಂಪಿನಲ್ಲಿ ಎಲ್ಲರಿಗಿಂತ ಹತ್ತಿರದವಳು ವಾರಗಟ್ಟಲೆ ಸರಿಯಾಗಿ ಮಾತಾಡಲಿಲ್ಲ. ಈ ಸಲ ಮತ್ತೆ ಇಲ್ಲ ಎನ್ನುವ ಧೈರ್ಯ ಆಕೆಗೆ ಇರಲಿಲ್ಲ.

ಆಕೆ ಕೇಳಿದ್ದನ್ನು ನಾನು ಹೇಳಿಕೊಡಲಿಲ್ಲ. ಒಬ್ಬರ ಇಷ್ಟವನ್ನು ಇನ್ನೊಬ್ಬರಿಗಾಗಿ ತಿದ್ದುವುದು ಆಪ್ತಸಲಹೆಯ ಕೆಲಸ ಅಲ್ಲ. ಆದರೆ ಆಕೆಯ ಮಾತಿನಲ್ಲಿ ಎರಡು ಬೇರೆ ಸಂಗತಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮೊದಲು ಅವನ್ನು ಬಿಡಿಸಬೇಕಿತ್ತು.

ಒಂದು, ಭಯ. ಜನರ ಮಧ್ಯೆ ಸಿಕ್ಕಿಕೊಂಡರೆ? ಎಲ್ಲರ ಮುಂದೆ ಅತ್ತುಬಿಟ್ಟರೆ? ನಗುತ್ತಾರೇನೋ? ಇಂಥ ಭಯವನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸಿದರೆ ಅದು ತಗ್ಗುತ್ತದೆ. ಇನ್ನೊಂದು, ಕಿವಿನೋವು. ಇದು ಭಯ ಅಲ್ಲ, ದೇಹ ಕೊಡುತ್ತಿರುವ ಸರಿಯಾದ ಎಚ್ಚರಿಕೆ. “ನಾಲ್ಕು ಸಲ ಬಾರೇ, ಅಭ್ಯಾಸ ಆಗುತ್ತೆ” ಎಂದು ಗೆಳತಿಯರು ಹೇಳುತ್ತಿದ್ದರು. ಜನಜಂಗುಳಿಗೆ ಆ ಮಾತು ಸರಿ. ಕಿವಿಗೆ ಮಾತ್ರ ಖಂಡಿತ ಸರಿಯಲ್ಲ. ಒಳಕಿವಿಯಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮ ಕೂದಲಕೋಶಗಳಿವೆ. ಜೋರು ಸದ್ದಿಗೆ ಅವು ಗಟ್ಟಿಯಾಗುವುದಿಲ್ಲ, ಸಾಯುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಸದ್ದು ಮೊದಲಿನಷ್ಟು ಜೋರು ಅನ್ನಿಸುತ್ತಿಲ್ಲ ಎಂದರೆ ಅದನ್ನು ಅಭ್ಯಾಸ ಎಂದುಕೊಳ್ಳಬಾರದು. ಕೇಳುವ ಶಕ್ತಿಯೇ ಕಡಿಮೆ ಆಗಿರಬಹುದು.

ಕೆಲಸದ ಜಾಗದ ಸದ್ದಿಗೆ ಅಮೆರಿಕದ ನಯಾಶ್ (NIOSH) ಎಂಬ ಕಾರ್ಮಿಕರ ಸುರಕ್ಷತೆ, ಆರೋಗ್ಯದ ಸರ್ಕಾರಿ ಸಂಸ್ಥೆ ಹಾಕಿಕೊಟ್ಟ ಲೆಕ್ಕವನ್ನು ಆಕೆಗೆ ತೋರಿಸಿದೆ. ಸದ್ದಿನ ಮಟ್ಟ 85 ಡೆಸಿಬಲ್ ಇದ್ದರೆ ಅದರಲ್ಲಿ ಹೆಚ್ಚೆಂದರೆ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಸಮಯ ಅರ್ಧಕ್ಕೆ ಇಳಿಯುತ್ತದೆ. ಹಾಗೆ ಇಳಿದು ಇಳಿದು 100 ಡೆಸಿಬಲ್‌ಗೆ ಬರುವಾಗ ಉಳಿಯುವುದು ಬರೀ 15 ನಿಮಿಷ. ರಾಕ್ ಕನ್ಸರ್ಟ್‌ಗಳಲ್ಲಿ 100 ದಾಟುವುದು ಸಾಮಾನ್ಯ. ಆಕೆ ಆ ಅಂಕಿಗಳನ್ನು ಬಹಳ ಹೊತ್ತು ನೋಡಿದರು. “ಹಾಗಾದ್ರೆ ನಾನು ನಾಟಕ ಮಾಡ್ತಿರಲಿಲ್ಲ” ಎಂದರು. ನಾಟಕ ಮಾಡುತ್ತೀಯ ಎಂದು ಗೆಳತಿಯರು ತಮಾಷೆಗೆ ಅಂದಿದ್ದ ಮಾತನ್ನು ಆಕೆ ನಂಬಿಕೊಂಡೇ ಬದುಕಿದ್ದರು.

ಎದೆಗೆ ಗುದ್ದಿದಂತಾದದ್ದಕ್ಕೂ ಕಾರಣ ಇದೆ. ಬೇಸ್ ಸದ್ದನ್ನು, ಅಂದರೆ ಡ್ರಮ್‌ನಂಥ ಮಂದ್ರ ಸದ್ದನ್ನು, ಕಿವಿ ಮಾತ್ರ ಅಲ್ಲ, ಮೈಯೂ ಗ್ರಹಿಸುತ್ತದೆ. ಜೋರು ಸದ್ದು ಕೇಳಿದಾಗ ಮೈ ಎಚ್ಚರಗೊಂಡು ಎದೆ ಬಡಿತ ಏರುತ್ತದೆ. ಗಾಬರಿಯಾದಾಗಲೂ ಹೀಗೇ ಆಗುವುದರಿಂದ, ತನಗೆ ಏನೋ ಆಗಿಬಿಡುತ್ತದೆ ಎಂದು ಮನಸ್ಸು ಅರ್ಥ ಮಾಡಿಕೊಳ್ಳುತ್ತದೆ. ಆಗ ನಿಜವಾಗಿಯೂ ಗಾಬರಿ ಹೆಚ್ಚುತ್ತದೆ. ಇದು ಗೊತ್ತಿದ್ದರೆ, “ಇದು ಡ್ರಮ್, ನನ್ನ ಹೃದಯ ಅಲ್ಲ” ಎಂದು ಹೇಳಿಕೊಂಡು ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಹೊರಗೆ ಬಿಡಬಹುದು.

ಕಿವಿ ತಜ್ಞರ ಬಳಿ ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿ ಎಂದೆ. ಕೆಲವರಿಗೆ ಪಾತ್ರೆಯ ಸದ್ದು, ಬಾಗಿಲಿನ ಸದ್ದೂ ನೋವು ಕೊಡುತ್ತದೆ, ಅಂಥವರಿಗೆ ಬೇರೆ ಚಿಕಿತ್ಸೆ ಬೇಕು. ಆಕೆಗೆ ಆ ತೊಂದರೆ ಇರಲಿಲ್ಲ. ಪರೀಕ್ಷೆಯಲ್ಲೂ ಎಲ್ಲ ಸರಿಯಾಗಿ ಬಂತು.

ಮುಂದಿನ ಭೇಟಿಯಲ್ಲಿ ಕೇಳಿದೆ: “ನಿಮಗೆ ನಿಜವಾಗಿ ಏನು ಬೇಕು?” ಆಕೆ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, “ಅವರ ಜೊತೆ ಇರಬೇಕು. ಆದರೆ ಆ ಸದ್ದಿನಲ್ಲಿ ಅಲ್ಲ” ಎಂದರು. ಈ ಉತ್ತರದ ಮೇಲೆಯೇ ಮುಂದಿನ ಸಲಹೆಯೆಲ್ಲ ನಿಂತಿತು. ಅಷ್ಟು ದಿನ ಆಕೆಗೆ ಕಂಡಿದ್ದು ಎರಡೇ ದಾರಿ: ಪೂರ್ತಿ ಹೋಗಿ ನರಳುವುದು, ಇಲ್ಲವೇ ಸುಳ್ಳು ಹೇಳಿ ತಪ್ಪಿಸಿಕೊಳ್ಳುವುದು. ತನಗೆ ಆಗುವಷ್ಟು ಹೊತ್ತು, ತನಗೆ ಆಗುವ ಜಾಗದಲ್ಲಿ ಇದ್ದು ಬರಬಹುದು ಎಂಬುದು ಹೊಳೆದೇ ಇರಲಿಲ್ಲ.

ಗೆಳತಿಯರಿಗೆ ಹೇಳುವ ಮಾತನ್ನು ಬರೆದು ತರಲು ಹೇಳಿದೆ. ಮೊದಲ ಬರಹದ ತುಂಬ ‘ಸಾರಿ’. ಜೊತೆಗೆ ಕಾರಣಗಳ ಉದ್ದ ಪಟ್ಟಿ. ಕಾರಣ ಕೊಟ್ಟಷ್ಟೂ ಗೆಳೆಯರು ಒಂದೊಂದಕ್ಕೂ ಪರಿಹಾರ ಹುಡುಕುತ್ತಾರೆ, ಅಲ್ಲಿಗೆ ಅದು ವಾದ ಆಗಿಬಿಡುತ್ತದೆ. ಇಬ್ಬರೂ ಕೂತು ಅದನ್ನು ಕತ್ತರಿಸಿದೆವು. ಕೊನೆಗೆ ಉಳಿದದ್ದು ಇಷ್ಟು:

“ಹೋದ ಸಲ ಜ್ವರ ಅಂದಿದ್ದು ಸುಳ್ಳು ಕಣೇ, ಕ್ಷಮಿಸಿ. ಜೋರು ಸದ್ದಿಗೆ ನನಗೆ ಕಿವಿ ನೋಯುತ್ತೆ. ನಿಮ್ಮ ಜೊತೆ ಬರ್ತೀನಿ, ಮುಂದಕ್ಕೆ ಬರಲ್ಲ. ಹಿಂದೆ ನಿಂತಿರ್ತೀನಿ, ನಡುನಡುವೆ ಹೊರಗೆ ಹೋಗಿ ಬರ್ತೀನಿ. ಆಗದಿದ್ರೆ ಮೆಸೇಜ್ ಹಾಕಿ ಮನೆಗೆ ಹೊರಡ್ತೀನಿ.”

ಸುಳ್ಳಿಗೆ ಮಾತ್ರ ಕ್ಷಮೆ, ಕಿವಿನೋವಿಗೆ ಅಲ್ಲ. ಈ ವ್ಯತ್ಯಾಸದ ಬಗ್ಗೆ ನಾನು ಹಟ ಹಿಡಿದೆ. ಹತ್ತಿರದವಳ ಮನಸ್ಸಿಗೆ ನೋವಾಗಿದ್ದು ಈಕೆ ಬರಲಿಲ್ಲ ಎಂದಲ್ಲ, ತನ್ನ ಹತ್ತಿರವೂ ಮುಚ್ಚಿಟ್ಟಳಲ್ಲ ಎಂದು. ಆ ನೋವಿಗೆ ಉತ್ತರ ಬೇಕೇ ಬೇಕಿತ್ತು.

ಸದ್ದು ತಗ್ಗಿಸಲು ಕಿವಿಯೊಳಗೆ ಇಯರ್‌ಪ್ಲಗ್ ಹಾಕಿಕೊಳ್ಳಿ ಎಂದರೆ ಆಕೆಗೆ ನಾಚಿಕೆ. ಬ್ರಿಟನ್ನಿನ ರಾಕ್ ತಂಡ ಕೋಲ್ಡ್‌ಪ್ಲೇಯ ಗಾಯಕ ಕ್ರಿಸ್ ಮಾರ್ಟಿನ್ ತನ್ನ ಕಿವಿಯ ಮೊರೆತದ ಬಗ್ಗೆ ಬಹಿರಂಗವಾಗಿ ಮಾತಾಡಿದ್ದಾರೆ, ಕಿವಿಗೆ ರಕ್ಷಣೆ ಹಾಕಿಕೊಂಡೇ ಹಾಡುತ್ತಾರೆ ಎಂದು ಹೇಳಿದೆ. ವೇದಿಕೆಯ ಮೇಲಿರುವವರಿಗೇ ಇಲ್ಲದ ನಾಚಿಕೆ ಕೆಳಗೆ ನಿಂತವರಿಗೆ ಯಾಕೆ? ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಮಾನದಂಡ ಹೊರಡಿಸಿತು. ಸದ್ದಿನ ಸರಾಸರಿ 100 ಡೆಸಿಬಲ್ ಮೀರಬಾರದು, ಕಿವಿಯ ರಕ್ಷಣೆಗೆ ಪ್ಲಗ್ ಸಿಗಬೇಕು, ಕಿವಿಗೆ ವಿಶ್ರಾಂತಿ ಕೊಡಲು ಶಾಂತ ಜಾಗ ಇರಬೇಕು ಎನ್ನುತ್ತದೆ ಅದು. ಆಕೆ ಹೊರಗೆ ಹೋಗಿ ಬರುತ್ತೇನೆ ಎಂದದ್ದು ವಿಚಿತ್ರ ಬೇಡಿಕೆಯೇನಲ್ಲ.

ಹತ್ತಿ ಸಾಲದು. ಸಂಗೀತಗಾರರಿಗೆಂದೇ ಮಾಡಿದ ಪ್ಲಗ್ ಒಳ್ಳೆಯದು. ಅದು ತಾರಕ, ಮಂದ್ರ ಎರಡನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಸುವುದರಿಂದ ಹಾಡು ಮಸುಕಾಗುವುದಿಲ್ಲ. 15 ಡೆಸಿಬಲ್ ಇಳಿಸುವಂಥದ್ದು ಸರಿಯಾಗಿ ಕೂತರೆ 100 ಇದ್ದದ್ದು 85 ಆಗುತ್ತದೆ. ಮೇಲಿನ ಲೆಕ್ಕದಲ್ಲಿ 15 ನಿಮಿಷ ಇದ್ದದ್ದು 8 ಗಂಟೆ ಆಯಿತು. ಫೋಮ್ ಪ್ಲಗ್ ಆದರೆ ಬೆರಳಲ್ಲಿ ತೆಳ್ಳಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಮೇಲಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಪ್ಲಗ್ ಒಳಗಿಟ್ಟು, ಅದು ಅರಳುವವರೆಗೆ ಒತ್ತಿ ಹಿಡಿಯಬೇಕು. ಒಳಗೆ ಹೋಗುವ ಮೊದಲೇ ಹಾಕಿಕೊಳ್ಳಿ, ಮನೆಯಲ್ಲೇ ರೂಢಿ ಮಾಡಿಕೊಳ್ಳಿ ಎಂದೆ.

ಆಕೆ ಹೋದರು. ಸ್ಪೀಕರ್‌ಗಳಿಂದ ದೂರ, ಹೊರಬಾಗಿಲು ಕಾಣುವ ಕಡೆ ನಿಂತರು. ನಡುವೆ ಹೊರಗೆ ಬಂದು ಕೂತರು, ಮತ್ತೆ ಒಳಗೆ ಹೋದರು. ಹಾಡು ಇಷ್ಟ ಆಯ್ತಾ ಎಂದು ಕೇಳಿದ್ದಕ್ಕೆ, “ಒಂದೆರಡು ಪರವಾಗಿಲ್ಲ. ಉಳಿದದ್ದು ಸದ್ದೇ” ಎಂದರು. ಕಾರ್ಯಕ್ರಮ ಮುಗಿಯುವ ಮೊದಲೇ ಹೊರಟರು. ಮರುದಿನ ಕಿವಿಯಲ್ಲಿ ಗುಂಯ್ ಇರಲಿಲ್ಲ. ಗುಂಪಿನ ಒಬ್ಬಳು ಈಗಲೂ ಅಜ್ಜಿ ಎಂದು ರೇಗಿಸುತ್ತಾಳೆ, ಆಕೆಗೆ ಅದು ಇನ್ನೂ ಚುಚ್ಚುತ್ತದೆ. ಹತ್ತಿರದವಳು ಮಾತ್ರ ಒಂದು ಜೊತೆ ಪ್ಲಗ್ ಕೇಳಿ ಪಡೆದಳಂತೆ. ಅವಳಿಗೂ ಪ್ರತಿ ಸಲ ಕಿವಿ ಮೊರೆಯುತ್ತಿತ್ತು, ಯಾರಿಗೂ ಹೇಳಿರಲಿಲ್ಲ.

ಮುಂದಿನ ಕನ್ಸರ್ಟ್‌ಗೆ ಆಕೆ ಬರುವುದಿಲ್ಲ ಎಂದು ಈಗಲೇ ಹೇಳಿದ್ದಾರೆ. ಅದರ ಮರುದಿನ ಎಲ್ಲರೂ ಆಕೆಯ ಮನೆಯಲ್ಲಿ ಸೇರುತ್ತಿದ್ದಾರೆ.